ಲೇಬಲ್ಲಿಗೆ ಹಿಡಿಸದ ಸಾಲು

ಜೂನ್ ೧೦, ಸೋಮವಾರ. ಬೆಳಿಗ್ಗೆ ೮.೩೦

ಮಾತ್ರೆ ಕೊಟ್ಟಾಯಿತು. ಬೆಳಿಗ್ಗೆ ಒಂದು, ರಾತ್ರಿ ಎರಡು. ಮೂವತ್ತೊಂದು ವರ್ಷ ಕಾಲೇಜಿನಲ್ಲಿ ಮೂರು ಮಾತ್ರೆಯ ಗಣ, ನಾಲ್ಕು ಮಾತ್ರೆಯ ಗಣ ಅಂತ ಛಂದಸ್ಸು ಕೊರೆದವನಿಗೆ ರಿಟೈರ್ ಆದ ಮೇಲೆ ದೇವರು ಇಟ್ಟ ಪ್ರಾಕ್ಟಿಕಲ್ಸ್. ಶಾರದಾಗೆ ಹೇಳಿದೆ. ನಗಲಿಲ್ಲ. ನೀರು ಕುಡಿದು ಲೋಟ ಬೋರಲು ಹಾಕಿದಳು.

'ನುಂಗಿದ್ಯಾ?'

'ನುಂಗ್ದೆ.'

'ಎಲ್ಲಿ, ಬಾಯಿ ತೆಗಿ.'

'ರೀ, ನಾನೇನು ಎಲ್‌ಕೆಜಿನಾ?'

ಡಾಕ್ಟರ ಅಪ್ಪಣೆ, ಏನು ಮಾಡಲಿ. ಡಾ. ನಿಶ್ಚಿತಾ. ಹೆಸರು ನಿಶ್ಚಿತಾ, ಯಾವುದನ್ನೂ ನಿಶ್ಚಿತವಾಗಿ ಹೇಳುವುದಿಲ್ಲ. ಯಾವಾಗ ಗುಣ? 'ನೋಡೋಣ.' ಯಾಕೆ ಬಂತು? 'ಹೇಳಕ್ಕಾಗಲ್ಲ.' ಒಂದನ್ನು ಮಾತ್ರ ಖಡಾಖಂಡಿತವಾಗಿ ಹೇಳಿದ್ದಾರೆ — ಒಂದು ವರ್ಷ ಮಾತ್ರೆ ನಿಮ್ಮ ಕೈಯಿಂದಲೇ ಹೋಗಬೇಕು ಸರ್.

ಹೋದ ಅಕ್ಟೋಬರಿನಿಂದ. ಕಾರಂಜಿ ಕೆರೆಯ ಗಾರ್ಡು ಅವಳನ್ನು ಆಟೋದಲ್ಲಿ ಮನೆಗೆ ಕರೆತಂದ ಸಂಜೆಯಿಂದ. ದಡದಲ್ಲಿ ಚಪ್ಪಲಿ ಜೋಡಿಸಿಟ್ಟಿದ್ದಳಂತೆ, ದೇವಸ್ಥಾನದ ಮುಂದೆ ಬಿಡುವ ಹಾಗೆ. ಸೀರೆ ಮೊಣಕಾಲಿನವರೆಗೆ ಒದ್ದೆ. ಅದರ ಬಗ್ಗೆ ಜೋಕು ಮಾಡಿಲ್ಲ. ಅದೊಂದರ ಬಗ್ಗೆ.

ಅವತ್ತಿನಿಂದ ಅಭ್ಯಾಸ — ಏನೇ ಕೆಲಸದಲ್ಲಿದ್ದರೂ ಒಂದು ಸಲ ಬಾಗಿಲ ಕಡೆ ನೋಡುವುದು. ನೀಲಿ ಪಟ್ಟಿಯ ಚಪ್ಪಲಿ.

ಇದೆ.

ಜೂನ್ ೧೩, ಗುರುವಾರ

ಧರಣಿ ಬಂದಿದ್ದಳು. ನನ್ನ ಕೊನೇ ಬ್ಯಾಚಿನ ಬಿ.ಎ. ಹುಡುಗಿ. ಅಜ್ಜಿ ಮುದ್ದಮ್ಮ ಮನೆಯಲ್ಲಿ ಕೂತು ಊದುಬತ್ತಿ ಹೊಸೆದು ಓದಿಸಿದ್ದು. ಇವಳು ಒಂದು ಮೆಟ್ಟಿಲು ಮೇಲೆ ಹತ್ತಿದ್ದಾಳೆ: ಅರೋಮಾಥೆರಪಿ ಕೋರ್ಸು, ಫ್ರೇಮ್ ಹಾಕಿಸಿದ ಸರ್ಟಿಫಿಕೇಟು, ದೇವರಾಜ ಮೊಹಲ್ಲಾದಲ್ಲಿ ಒಂದು ಪುಟ್ಟ ಅಂಗಡಿ. 'ಧರಣಿ ಸುಗಂಧ'.

'ಮನಸ್ಸಿನ ನೆಮ್ಮದಿಗೆ ಅಂತ ಒಂದು ಎಣ್ಣೆ ಮಾಡಿದ್ದೀನಿ ಸರ್. ಲೇಬಲ್ ನೀವು ಬರ್ದುಕೊಡಿ. ನಾನ್ ಬರೆದ್ರೆ ಸರ್ಕಾರಿ ಸುತ್ತೋಲೆ ಥರ ಇರುತ್ತೆ.'

'ಬಿಡುವಿಲ್ಲ ಕಣಮ್ಮ.'

'ನೀವು ರಿಟೈರ್ಡು ಸರ್.'

'ಅದಕ್ಕೇ ಬಿಡುವಿಲ್ಲ.'

ಒಪ್ಪುವವರೆಗೂ ಏಳಲ್ಲ ಅಂದಳು. ಧರಣಿ ಧರಣಿ ಕೂತಳು. ಈ ಜೋಕನ್ನು ಪಾಪ ಮೂರು ವರ್ಷ ಅಟೆಂಡೆನ್ಸ್ ಕೂಗುವಾಗ ಸಹಿಸಿದ್ದಾಳೆ, ನಾಲ್ಕನೆಯದಕ್ಕೆ ಏನು.

ಶಾರದಾ ಕಾಫಿ ತಂದಿಟ್ಟಳು. ನಾನು ಪರಿಚಯ ಮಾಡಿಕೊಟ್ಟೆ — 'ಇವಳಿಗೆ ನಾನೀಗ ಗಂಡ ಅಲ್ಲಮ್ಮ, ಕಾಂಪೌಂಡರು. ಬೆಳಿಗ್ಗೆ ಎದ್ದರೆ ಮಾತ್ರೆ, ಮಲಗಿದರೆ ಮಾತ್ರೆ, ಮಧ್ಯೆ ಗೋಳು. ನಿನ್ನ ಎಣ್ಣೆ ಬಂದರೆ ನನಗೂ ಎರಡನೇ ರಿಟೈರ್‌ಮೆಂಟ್.'

ಧರಣಿ ನಕ್ಕಳು. ಶಾರದಾ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಜೂನ್ ೧೮, ಮಂಗಳವಾರ

ಅಂಗಡಿಗೆ ಹೋಗಿ ಬಂದೆ. ಒಳಕೋಣೆಯಲ್ಲಿ ಮುದ್ದಮ್ಮ ಕಾಲು ಚಾಚಿ ಕೂತು ಬಾಟಲಿಗಳಿಗೆ ಮುಚ್ಚಳ ತಿರುಗಿಸುತ್ತಿದ್ದಳು. ಇಡೀ ಕೋಣೆ ಘಮ್ಮೆನ್ನುತ್ತಿತ್ತು.

'ಏನ್ ಮುದ್ದಮ್ಮ, ಸ್ವರ್ಗದಲ್ಲಿ ಕೂತಿದ್ದೀಯ.'

'ಯಾವ ಸ್ವರ್ಗ ತಕ್ಕಳಿ ಸ್ವಾಮಿ. ನಲ್ವತ್ತೊರ್ಸ ಬತ್ತಿ ಹೊಸ್ದೆ. ಮೂಗು ಎಂದೋ ಸತ್ತೋಯ್ತು. ಸಾರು ಹಳಸಿದ್ರೂ ಗೊತ್ತಾಗಕಿಲ್ಲ ನಂಗೆ.'

ಧರಣಿ ಎಣ್ಣೆ ತೋರಿಸಿದಳು. ಲ್ಯಾವೆಂಡರ್, ಲಾವಂಚ, ಚೂರು ಕಿತ್ತಳೆ ಸಿಪ್ಪೆ. ಒಬ್ಬ ಇಂಗ್ಲಿಷ್ ಮೀಡಿಯಂ, ಒಬ್ಬ ಕನ್ನಡ ಮೀಡಿಯಂ, ಮಧ್ಯೆ ನಾಗಪುರದವನು. ಕರವಸ್ತ್ರಕ್ಕೆ ಎರಡು ತೊಟ್ಟು, ನಾಲ್ಕು ಎಣಿಸುವವರೆಗೆ ಉಸಿರು ಒಳಗೆ, ಆರು ಎಣಿಸುವವರೆಗೆ ಹೊರಗೆ. ನಿದ್ದೆ ಬರುತ್ತೆ, ಎದೆ ಹಗುರಾಗುತ್ತೆ. 'ಅಷ್ಟೇ ಸರ್. ಜಾಸ್ತಿ ಹೇಳಬಾರದು' ಅಂದಳು. ಒಳ್ಳೇ ಹುಡುಗಿ.

ಅವಳು ಬರೆದಿಟ್ಟಿದ್ದ ಲೇಬಲ್ಲು ನಿಜಕ್ಕೂ ಸುತ್ತೋಲೆ. ನಾಲ್ಕು ಸಾಲು. ಕೊನೆಯದು — 'ವೈದ್ಯರು ಕೊಟ್ಟ ಔಷಧಿಗೆ ಇದು ಬದಲಲ್ಲ. ಮಾತ್ರೆ ನಿಲ್ಲಿಸಬೇಡಿ.'

ಮನೆಗೆ ತಂದಿದ್ದೇನೆ. ತಿದ್ದಬೇಕು.

ಜೂನ್ ೨೧, ಶುಕ್ರವಾರ. ಸಂಜೆ

ಬಂತು! ಸ್ನಾನ ಮಾಡುವಾಗ ಬಂತು.

ಮಾತ್ರೆ ಬೇಡ ಮಾತು ಬೇಡ
ತೊಟ್ಟು ಒಂದು ಸಾಕು

ಏಳು ಗಣ, ಪ್ರತಿಯೊಂದೂ ಮೂರು ಮಾತ್ರೆ. ಒಂದೂ ಹೆಚ್ಚಿಲ್ಲ, ಕಡಿಮೆ ಇಲ್ಲ. ಚಿನ್ನದ ತಕ್ಕಡಿಯಲ್ಲಿ ತೂಗಿದ ಹಾಗೆ. ಸರ್ವಿಸಿನಲ್ಲಿದ್ದಾಗ ಇಂಥದ್ದೊಂದು ಬರೆಯಲಿಲ್ಲ.

ಧರಣಿಗೆ ಫೋನಿನಲ್ಲಿ ಓದಿದೆ.

'ಸೂಪರ್ ಸರ್! ಆದ್ರೆ… ಆ ಕೊನೇ ಲೈನು? ಮಾತ್ರೆ ನಿಲ್ಲಿಸಬೇಡಿ ಅನ್ನೋದು?'

'ಹತ್ತು ಎಂಎಲ್ ಬಾಟ್ಲಿ ಕಣಮ್ಮ, ಮಹಾಕಾವ್ಯ ಹಿಡಿಸಲ್ಲ. ಅದನ್ನ ಹಾಕಿದ್ರೆ ಇದು ಕುಂಟುತ್ತೆ.'

'ಜನ ತಪ್ಪು ತಿಳ್ಕೊಂಡ್ರೆ?'

'ಲೇಬಲ್ ಯಾರು ಓದ್ತಾರೆ ಧರಣಿ? ಮುಚ್ಚಳ ತೆಗೆದು ಮೂಸ್ತಾರೆ, ಅಷ್ಟೆ.'

ಎರಡೂ ಸಾಲನ್ನು ಇನ್ನೊಂದು ಸಲ ಓದಿಸಿದಳು. ಆಮೇಲೆ, 'ನೀವು ಗೀಟು ಹಾಕಿದ್ರೆ ಸರಿ ಇರುತ್ತೆ ಸರ್' ಅಂದಳು. ಮೂರು ವರ್ಷ ನನ್ನ ಕೆಂಪು ಇಂಕು ಕಂಡವಳು.

ಜೂನ್ ೨೭, ಗುರುವಾರ

ಅಚ್ಚಾಗಿ ಬಂದಿವೆ. ತಿಳಿ ನೇರಳೆ ಕಾಗದ, ಕಪ್ಪು ಅಕ್ಷರ. ಮೊದಲ ಬಾಟಲಿ ನನಗೇ ಕೊಟ್ಟಳು. ಶಾರದಾ ಮುಂದೆ ಇಟ್ಟೆ. ನಾನು ಬರೆದದ್ದು ಅಂತ ಹೇಳಲಿಲ್ಲ. ಕಂಡುಹಿಡಿಯಲಿ ಅಂತ.

ಕನ್ನಡಕ ಹಾಕಿಕೊಂಡು ಓದಿದಳು. ಇಪ್ಪತ್ತೆಂಟು ವರ್ಷ ಅಂಚೆ ಕಚೇರಿ. ಏನೇ ಕೈಗೆ ಕೊಟ್ಟರೂ ಮೊದಲು ವಿಳಾಸ ಓದುವ ಚಾಳಿ. ಎರಡು ಸಲ ಓದಿದಳು. ನನ್ನ ಮುಖ ನೋಡಿದಳು. ಮುಚ್ಚಳ ತೆಗೆದಳು.

'ಲಾವಂಚ… ನಮ್ಮ ಆಫೀಸಿನ ಕೂಲರ್ ಹಿಂದೆ ಇದೇ ಹುಲ್ಲು ಇರ್ತಿತ್ತು. ಏಪ್ರಿಲ್ ಮಧ್ಯಾಹ್ನ. ಸೀಲ್ ಹೊಡೆಯೋ ಸದ್ದು.'

ಎಂಟು ತಿಂಗಳಲ್ಲಿ, ಗೋಳು ಬಿಟ್ಟರೆ, ಅವಳಾಗಿ ಆಡಿದ ಅತಿ ಉದ್ದದ ಮಾತು. ನನಗೆ ಏನೋ ಗೆದ್ದ ಹಾಗಾಯಿತು. 'ಹಾಗಾದ್ರೆ ನಿನಗೆ ಇದು ಓವರ್‌ಟೈಮ್ ವಾಸನೆ' ಅಂದೆ.

ಮಾತು ನಿಂತಿತು.

ಜೂನ್ ೨೯, ಶನಿವಾರ

ನಿದ್ದೆ ಮಾಡಿದಳು. ಆರು ಗಂಟೆ, ಒಂದೇ ಸಮ. ದಿಂಬಿನ ತುದಿಗೆ ಎರಡು ತೊಟ್ಟು.

ಬೆಳಿಗ್ಗೆ ನಾನು ಮಾತ್ರೆ ತೆಗೆಯಲು ಹೋದರೆ ಅವಳೇ ಡಬ್ಬಿ ಎತ್ತಿಕೊಂಡಳು.

'ಇನ್ಮೇಲೆ ಇದು ನನ್ನ ಹತ್ರ ಇರಲಿ. ನಾನೇ ನೋಡ್ಕೋತೀನಿ.'

ಡಾಕ್ಟರು ಹೇಳಿದ್ದು ನೆನಪಾಯಿತು. ಬಾಯಿ ತೆಗಿ ಅನ್ನುವುದೂ ನೆನಪಾಯಿತು. ಅರವತ್ತು ದಾಟಿದ ಹೆಂಗಸಿಗೆ ದಿನಾ ಆ ಅವಮಾನ ಯಾಕೆ ಅಂತ… ಸುಳ್ಳು. ನನಗೇ ಸಾಕಾಗಿತ್ತು. ಕೊಟ್ಟೆ. ಚಾರ್ಜ್ ಹಸ್ತಾಂತರ. ಸಹಿ ಒಂದು ಬಾಕಿ ಅಂದೆ.

ಜುಲೈ ೬, ಶನಿವಾರ

ಮನೆ ಶಾಂತ. ನಾಲ್ಕು ಗಂಟೆಗೆ ಹಿತ್ತಲ ಮೆಟ್ಟಿಲ ಮೇಲೆ ಕೂರುತ್ತಾಳೆ, ಕರವಸ್ತ್ರ ಮೂಗಿಗೆ. ನಾಲ್ಕು ಒಳಗೆ, ಆರು ಹೊರಗೆ. ಗೋಳಿಲ್ಲ. 'ನನ್ನಿಂದ ಏನೂ ಪ್ರಯೋಜನ ಇಲ್ಲ' ಅನ್ನುವ ಪಲ್ಲವಿ ಇಲ್ಲ. ಅಡುಗೆ ಹೊತ್ತಿಗೆ ಸರಿಯಾಗಿ ಆಗುತ್ತೆ. ನಾನು ಎರಡು ಪುಸ್ತಕ ಓದಿ ಮುಗಿಸಿದೆ.

ಧರಣಿಗೆ ಫೋನ್ ಮಾಡಿ ಹೊಗಳಿದೆ. ಇನ್ನೂರು ಬಾಟಲಿ ಹೋಗಿದೆಯಂತೆ.

ಜುಲೈ ೨೬, ಶುಕ್ರವಾರ

ಆಷಾಢ ಶುಕ್ರವಾರ. ಬೆಟ್ಟಕ್ಕೆ ಹೋಗುವ ಬಸ್ಸುಗಳು ಬೆಳಗಿನ ಜಾವದಿಂದ ನಮ್ಮ ನಜರ್‌ಬಾದನ್ನು ಅಲುಗಾಡಿಸುತ್ತಿವೆ. ಹೋಗೋಣ್ವಾ ಅಂದೆ. ತಲೆ ಅಲ್ಲಾಡಿಸಿದಳು. ಬೇಡವೋ, ಹೂಂ ಅಂತಲೋ, ಎರಡೂ ಅಲ್ಲ.

ಮೂರು ವಾರದ ಹಿಂದೆ ಬರೆದದ್ದು ಓದಿದೆ. 'ಮನೆ ಶಾಂತ.' ಶಾಂತವಲ್ಲ, ಖಾಲಿ. ನಿನ್ನೆ ದಿನವಿಡೀ ಅವಳು ಆಡಿದ ಮಾತು ಎಣಿಸಿದರೆ ಒಂಬತ್ತು. 'ಊಟ', 'ಹಾಲಿನವನು', 'ಸರಿ' — ಇಂಥವು. ನಿದ್ದೆ ಮತ್ತೆ ಹೋಗಿದೆ. ದಿಂಬಿಗೆ ಎರಡು ತೊಟ್ಟು ಹಾಕುತ್ತಿದ್ದವಳು ಈಗ ಹತ್ತು ಹಾಕುತ್ತಾಳೆ. ಮೂರನೇ ಬಾಟಲಿ. ಎಣ್ಣೆ ಅನ್ನದಲ್ಲೂ ಮೂಗಿಗೆ ಬರುತ್ತೆ.

ಮೊನ್ನೆ ಒಂದು ಸಲ ಹೇಳಿದಳು — 'ತಲೆ ಒಳಗೆ ಕರೆಂಟ್ ಹೊಡೆದ ಹಾಗೆ ಜುಂ ಅನ್ನುತ್ತೆ.'

'ಬಿಲ್ ಬರದೇ ಇದ್ರೆ ಸಾಕು' ಅಂದೆ.

ಯಾಕೆ ಹಾಗಂದೆ? ನಾಲಿಗೆ ನನಗಿಂತ ಮುಂಚೆ ಹೊರಡುತ್ತೆ. ಯಾವಾಗಲೂ.

ಚಪ್ಪಲಿ ಇದೆ. ಆದರೆ ಇವತ್ತು ಮೂತಿ ಬೀದಿ ಕಡೆಗಿತ್ತು. ಸಾಮಾನ್ಯವಾಗಿ ಗೋಡೆ ಕಡೆಗಿರುತ್ತೆ.

ಆಗಸ್ಟ್ ೮, ಗುರುವಾರ. ಮಧ್ಯಾಹ್ನ ೧೨

ಬರೆಯುತ್ತೇನೆ. ಬರೆಯುವುದೊಂದೇ ಗೊತ್ತು.

ಹನ್ನೊಂದಕ್ಕೆ ಕತ್ತರಿ ಹುಡುಕಿದೆ. ಅವಳ ಡ್ರಾಯರ್. ಕತ್ತರಿ ಕೆಳಗೆ ಅಂಚೆ ಕಚೇರಿಯ ಹಳೇ ಕಂದು ಕವರು. ಮೇಲೆ ಅವಳ ದುಂಡು ಅಕ್ಷರ: 'ಮಾತ್ರೆ. ಜೂನ್ ೨೯ರಿಂದ. ಅಂಗಡಿಗೆ ವಾಪಸ್ ಕೊಡುವುದು.' ಒಳಗೆ ಸ್ಟ್ರಿಪ್ಪುಗಳು. ಒಂದೂ ಒಡೆದಿಲ್ಲ. ಬಚ್ಚಿಟ್ಟದ್ದಲ್ಲ. ಜೋಡಿಸಿ ರಬ್ಬರ್ ಬ್ಯಾಂಡ್ ಹಾಕಿ ಇಟ್ಟದ್ದು. ನಾನು ಯಾವತ್ತು ಕೇಳಿದ್ದರೂ ಸಿಗುತ್ತಿತ್ತು.

ಹಿತ್ತಲಲ್ಲಿ ಕೂತಿದ್ದಳು. ಕವರು ತೋರಿಸಿದೆ.

'ಇದೇನು ಶಾರದಾ?'

'ವಾಪಸ್ ಕೊಡ್ಬೇಕು. ಸ್ಟ್ರಿಪ್ ಒಡೆದಿಲ್ಲ, ತಗೋತಾರೆ.'

'ನುಂಗ್ತಾನೇ ಇಲ್ವಾ?'

'ಬೇಡ ಅಂತ ನೀವೇ ಬರ್ದಿದ್ದೀರಲ್ಲ.'

'ನಾನಾ?'

'ಹೆಸರು ಹಾಕಿಲ್ಲ, ನಿಜ. ನಿಮ್ಮ ಪ್ರಾಸ ನಂಗೆ ಗೊತ್ತಾಗಲ್ವಾ? ಮೂವತ್ತೆರಡು ವರ್ಷ ಕೇಳಿದ್ದೀನಿ.'

'ಅದು ಲೇಬಲ್ ಕಣೇ. ಮಾರೋಕೆ ಬರ್ದಿದ್ದು. ನಿಂಗಲ್ಲ.'

ಕರವಸ್ತ್ರ ಮಡಿಸಿದಳು. ಇನ್ನೊಂದು ಸಲ ಮಡಿಸಿದಳು.

'ನೀವು ನೇರವಾಗಿ ಯಾವತ್ತು ಏನು ಹೇಳಿದ್ದೀರಿ? ಮಾತ್ರೆ ಕೊಟ್ಟು ಕೊಟ್ಟು ಸಾಕಾಗಿದೆ, ನನ್ನ ಗೋಳು ಕೇಳಿ ಕೇಳಿ ಸಾಕಾಗಿದೆ. ಆ ಹುಡುಗಿ ಎದುರಿಗೂ ಅಂದ್ರಿ. ಬಾಯಲ್ಲಿ ಹೇಳಕ್ಕಾಗದೆ ಬಾಟ್ಲಿ ಮೇಲೆ ಬರ್ದು ತಂದಿಟ್ರಿ ಅಂದ್ಕೊಂಡೆ. ಅಡ್ರೆಸ್ ನಂದೇ ಅನ್ನಿಸ್ತು. ಅದಕ್ಕೆ ಎರಡೂ ನಿಲ್ಲಿಸ್ದೆ.'

ಎರಡೂ. ಮಾತ್ರೆ. ಮಾತು.

ನಲವತ್ತು ದಿನ ನನ್ನ ಎರಡು ಸಾಲು ಪಾಲಿಸಿದ್ದಾಳೆ. ನನ್ನ ಒಂದು ವಾಕ್ಯವನ್ನೂ ಯಾವ ವಿದ್ಯಾರ್ಥಿಯೂ ಇಷ್ಟು ನಿಷ್ಠೆಯಿಂದ ಪಾಲಿಸಿಲ್ಲ.

ಆಗಸ್ಟ್ ೯, ಶುಕ್ರವಾರ

ಡಾ. ನಿಶ್ಚಿತಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬಾಟಲಿ ತಿರುಗಿಸಿ ಓದಿದರು. ಓದಿ ಮೇಜಿನ ಮೇಲಿಟ್ಟರು.

ಶಾರದಾ ಒಬ್ಬಳೇ ಅರ್ಧ ಗಂಟೆ ಒಳಗಿದ್ದಳು. ಆಮೇಲೆ ನನ್ನನ್ನು ಕರೆದರು, ಅವಳನ್ನು ಹೊರಗೆ ಕೂರಿಸಿ.

'ಎಣ್ಣೆ ಇರಲಿ ಸರ್. ಅದರಲ್ಲಿ ತಪ್ಪಿಲ್ಲ, ಸಮಾಧಾನ ಆಗುತ್ತೆ ಅಂತಾರೆ. ತಲೆ ಜುಂ ಅಂದಿದ್ದು ಮಾತ್ರೆ ತಟ್ಟನೆ ನಿಲ್ಲಿಸಿದ್ದಕ್ಕೆ. ಮಾತ್ರೆ ಮಾತ್ರ ಮತ್ತೆ ಮೊದಲಿಂದ. ಕೆಲಸ ಮಾಡಕ್ಕೆ ಮೂರು ವಾರ ಬೇಕು. ಆ ಮೂರು ವಾರ ಒಬ್ಬರನ್ನೇ ಬಿಡಬೇಡಿ.'

'ಕೆರೆ…?'

'ಆ ಯೋಚನೆ ಮತ್ತೆ ಬರ್ತಿದೆ ಅಂದ್ರು. ಬಂದಾಗ ತಕ್ಷಣ ಯಾರಿಗಾದರೂ ಹೇಳಬೇಕು ಅಂತ ಮಾತು ತಗೊಂಡಿದ್ದೀನಿ. ಯಾರಿಗೆ ಹೇಳ್ತೀರಿ ಅಂತ ಕೇಳಿದೆ.' ಪೆನ್ನಿನ ಮುಚ್ಚಳ ಹಾಕಿದರು. 'ನಿಮ್ಮ ಹೆಸರು ಬರಲಿಲ್ಲ ಸರ್.'

'ಯಾಕಂತೆ?'

'ಅವರು ತಮಾಷೆ ಮಾಡಿಬಿಡ್ತಾರೆ, ಅಂದ್ರು. ಸದ್ಯಕ್ಕೆ ನನ್ನ ನಂಬರ್ ಕೊಟ್ಟಿದ್ದೀನಿ. ಆದ್ರೆ ಮನೇಲಿರೋರು ನೀವು.'

ಆಟೋದಲ್ಲಿ ಬರುವಾಗ ಏನಾದರೂ ಹೇಳಬೇಕೆನಿಸಿತು. ಬಾಯಿಗೆ ಬಂದದ್ದೆಲ್ಲ ಜೋಕೇ. ಒಂದೊಂದನ್ನೂ ನುಂಗಿದೆ. ಎಷ್ಟು ಕಹಿ. ಇವಳು ಬರಿ ನೀರಲ್ಲಿ ಹೇಗೆ ನುಂಗುತ್ತಿದ್ದಳೋ.

ಆಗಸ್ಟ್ ೧೦, ಶನಿವಾರ

ಶಾರದಾಳನ್ನೂ ಕರೆದುಕೊಂಡೇ ಧರಣಿ ಅಂಗಡಿಗೆ ಹೋದೆ. ಬಿಡುವ ಹಾಗಿಲ್ಲವಲ್ಲ. ಅವಳನ್ನು ಮುದ್ದಮ್ಮನ ಪಕ್ಕ ಕೂರಿಸಿ, ಧರಣಿಗೆ ಎಲ್ಲ ಹೇಳಿದೆ.

ಮುಖ ಬಿಳಿಚಿಕೊಂಡಿತು. ಮೊದಲ ಸಲ 'ಸರ್' ಇಲ್ಲದೆ ಮಾತಾಡಿದಳು.

'ನಾನು ಕೇಳಿದ್ನಲ್ಲ? ಆ ಲೈನ್ ಬೇಡ್ವಾ ಅಂತ ಕೇಳಿದ್ನಲ್ಲ? ಕುಂಟುತ್ತೆ ಅಂದ್ಬುಟ್ರಿ. ಮುನ್ನೂರ ಹತ್ತು ಬಾಟ್ಲಿ ಹೋಗಿದೆ. ಅದರಲ್ಲಿ ಯಾರ್ ಯಾರ ಮನೇಲಿ ಏನಾಗಿದೆಯೋ!'

'ಹೌದು.'

'ಏನ್ ಹೌದು?'

'ತಪ್ಪು ನಂದು. ಅಷ್ಟೇ ಧರಣಿ. ಬೇರೆ ಮಾತಿಲ್ಲ.'

ಇಷ್ಟು ನೇರವಾದ ವಾಕ್ಯ ನನ್ನ ಬಾಯಿಂದ ಬಂದದ್ದಕ್ಕೋ ಏನೋ, ಅವಳು ಅತ್ತುಬಿಟ್ಟಳು. ಕೊಂಡವರಲ್ಲಿ ಫೋನ್ ನಂಬರ್ ಇರುವವರು ನೂರ ನಲವತ್ತು ಜನ. ಇಬ್ಬರೂ ಹಂಚಿಕೊಂಡು ಕರೆ ಮಾಡಬೇಕು. ಉಳಿದ ಬಾಟಲಿಗಳಿಗೆ ಚೀಟಿ ಅಂಟಿಸಬೇಕು. ನಂಬರ್ ಇಲ್ಲದವರು? ಗೊತ್ತಿಲ್ಲ. ಅಂಗಡಿ ಬಾಗಿಲಿಗೆ ಬೋರ್ಡು ಹಾಕಿದೆವು. ಓದುವವರು ಯಾರು?

ಅದೇ ಮಾತು ಅಂದಿದ್ದೆ, ಜೂನಿನಲ್ಲಿ.

ಒಳಗೆ ಮುದ್ದಮ್ಮನ ದನಿ — 'ಯಾಕವ್ವ ಇಂಗೆ ಸೊರಗಿದ್ದೀ? ತಕ್ಕೋ, ಈ ಮುಚ್ಚಳ ತಿರ್ವು. ಕೈಗೊಂದು ಕೆಲ್ಸ ಇರ್ಲಿ.' ಶಾರದಾ ತಿರುಗಿಸಿದಳು. ಹತ್ತೋ ಹನ್ನೆರಡೋ.

ಆಗಸ್ಟ್ ೧೪, ಬುಧವಾರ

ಐವತ್ತೆರಡು ಕರೆ ಆಯಿತು. 'ನಮಸ್ಕಾರ, ನಾನು ಲಕ್ಷ್ಮೀನರಸಿಂಹ ಅಂತ, ಲೇಬಲ್ ಬರೆದವನು.' ಹೆಚ್ಚಿನವರು ನಕ್ಕರು. ಎಣ್ಣೆ ಕಾರಿಗೆ ಹಾಕಿದ್ದೇವೆ ಸರ್, ಕಪಾಟಿಗೆ ಹಾಕಿದ್ದೇವೆ ಸರ್. ಲಷ್ಕರ್ ಮೊಹಲ್ಲಾದ ಒಬ್ಬಾಕೆ ಮಾತ್ರ ಸುಮ್ಮನೆ ಕೇಳಿಸಿಕೊಂಡು, 'ನಮ್ಮ ಯಜಮಾನ್ರು ಬಿಪಿ ಮಾತ್ರೆ ಬಿಟ್ಟಿದ್ರು. ಹೇಳ್ತೀನಿ' ಅಂದು ಫೋನಿಟ್ಟರು. ಒಬ್ಬರು.

ಕರೆ ಮಾಡುವಾಗ ಶಾರದಾ ಎದುರಿಗೇ ಕೂತಿರುತ್ತಾಳೆ. ಐವತ್ತೆರಡು ಸಲ ನನ್ನ ತಪ್ಪು ಕೇಳಿಸಿಕೊಂಡಿದ್ದಾಳೆ.

ಮಾತ್ರೆ ದಿನ ಆರು. ಬಾಯಿ ತೆಗಿ ಅನ್ನುವುದಿಲ್ಲ. ಅವಳೇ ತೆಗೆದು ತೋರಿಸುತ್ತಾಳೆ. ಅದು ಹೆಚ್ಚು ಕಷ್ಟ.

ಆಗಸ್ಟ್ ೧೯, ಸೋಮವಾರ

ಕೆಟ್ಟ ದಿನ. ಏಳಲಿಲ್ಲ. ತಲೆ ಬಾಚಲಿಲ್ಲ. ಗೋಡೆ ಕಡೆ ತಿರುಗಿ ಮಲಗಿದ್ದಳು. ಕರವಸ್ತ್ರಕ್ಕೆ ಎಣ್ಣೆ ಹಾಕಿ ಕೊಟ್ಟೆ. ಬೇಡ ಅಂದಳು. ವಾಸನೆಯೇ ಬರುತ್ತಿಲ್ಲವಂತೆ, ನೀರು ಹಾಕಿದ ಹಾಗಿದೆಯಂತೆ. ನನಗೆ ಮನೆ ತುಂಬಾ ಅದೇ.

ಪಕ್ಕದಲ್ಲಿ ಕುರ್ಚಿ ಹಾಕಿ ಕೂತೆ. ಏನೂ ಹೇಳಲಿಲ್ಲ. ಬೆಳಿಗ್ಗೆ ಹತ್ತರಿಂದ ನಾಲ್ಕರವರೆಗೆ ಬಾಯಿ ಮುಚ್ಚಿ ಕೂತದ್ದು ಜನ್ಮದಲ್ಲಿ ಇದೇ ಮೊದಲು. ನಾಲ್ಕಕ್ಕೆ ಗೋಡೆಯ ಕಡೆಯಿಂದಲೇ ಕೇಳಿದಳು —

'ಇದ್ದೀರಾ?'

'ಇದ್ದೀನಿ.'

ಅಷ್ಟೆ.

ಆಗಸ್ಟ್ ೨೩, ಶುಕ್ರವಾರ. ಬೆಳಿಗ್ಗೆ ೧೦.೧೫

ಮಾತ್ರೆ ಕೊಟ್ಟಾಯಿತು. ದಿನ ಹದಿನೈದು. ಇನ್ನೊಂದು ವಾರ ಅಂತ ಡಾಕ್ಟರು. 'ಬಹುಶಃ.'

ಧರಣಿ ಹೊಸ ಲೇಬಲ್ಲಿನ ಪ್ರೂಫ್ ಕಳಿಸಿದ್ದಾಳೆ. ಅವಳದೇ ನಾಲ್ಕು ಸಾಲು. ಸುತ್ತೋಲೆಯ ಹಾಗೇ ಇದೆ. ಒಂದು ಕಾಮಾ ಕೂಡ ಮುಟ್ಟಲಿಲ್ಲ. ಕೊನೆಯ ಸಾಲು ಹಿಡಿಸಲು ಅಕ್ಷರ ಚಿಕ್ಕದು ಮಾಡಿದ್ದಳು. ಬಾಟಲಿ ದೊಡ್ಡದು ಮಾಡು ಅಂತ ಬರೆದೆ.

ಶಾರದಾ ಸ್ನಾನ ಮುಗಿಸಿ ನಡುಮನೆಯಲ್ಲಿದ್ದಳು. ಹತ್ತು ನಿಮಿಷ ಆಗಿರಬೇಕು. ಬರೆಯುತ್ತ ಕೂತು ಬಾಗಿಲ ಕಡೆ ನೋಡಲು ಮರೆ

ಇಲ್ಲಿ ನಿಂತಿದ್ದಾಳೆ. ಈ ಕೋಣೆಯ ಹೊಸ್ತಿಲಲ್ಲಿ. ಬರಿಗಾಲು. ಹೆಬ್ಬೆರಳಿಗೆ ಅಂಗಳದ ಮಣ್ಣು.

'ರೀ. ಚಪ್ಪಲಿ ಹಾಕ್ಕೊಂಡಿದ್ದೆ. ಗೇಟಿನ ತನಕ ಹೋಗಿದ್ದೆ. ಮತ್ತೆ ಬಿಚ್ಚಿಟ್ಟು ಬಂದೆ. ನಿಮಗೆ ಹೇಳೋಣ ಅಂತ. ಆ ಡೈರಿ ಮುಚ್ಚಿಡಿ. ಬನ್ನಿ, ಇಲ್ಲಿ ಕೂ